ಚಿಕ್ಕಪ್ಪನ ಅಂಗಡಿ ಓಟಿಪಿ ಯಾರ ಫೋನಿಗೆ ಹೋಗ್ತಿದೆ?

ನಮಸ್ಕಾರ, ಎಲ್ರೂ ಚೆನ್ನಾಗಿದ್ದೀರಾ? ಇವತ್ತು ತಿಪಟೂರಲ್ಲಿದ್ದೀನಿ. ಇದು ನಮ್ಮ ಚಿಕ್ಕಪ್ಪನ ಅಂಗಡಿ. ಪಂಪ್‌ಸೆಟ್, ಕೇಬಲ್, ಸ್ಟಾರ್ಟರ್, ಪಿವಿಸಿ ಪೈಪು, ಒಳಗಡೆ ಮೋಟರ್ ವೈಂಡಿಂಗ್. ಬೆಳಿಗ್ಗೆ ಒಂಬತ್ತೂವರೆ, ಆಗಲೇ ಸುಟ್ಟ ಮೋಟರ್ ಎರಡು ಬಂದು ಕೂತಿವೆ ನೋಡಿ. ವಾಸನೆ ನಿಮಗೆ ಗೊತ್ತಾಗಲ್ಲ, ಸುಟ್ಟ ವಾರ್ನಿಷ್ ವಾಸನೆ. ಚಿಕ್ಕವಳಿದ್ದಾಗಿಂದ ನನಗೆ ಈ ಅಂಗಡಿ ಅಂದ್ರೆ ಅದೇ.

ಬಂದಿದ್ದು ಯಾಕೆ ಅಂದ್ರೆ, ಹೋದ ತಿಂಗಳು ಯಾರೋ ಒಬ್ರು ಬಂದು ‘ಸೈಬರ್ ಸೆಕ್ಯುರಿಟಿ ಪ್ಯಾಕೇಜ್’ ಅಂತ ವರ್ಷಕ್ಕೆ 22,000 ರೂಪಾಯಿ ಕೊಟೇಶನ್ ಕೊಟ್ಟು ಹೋಗಿದ್ದಾರೆ. ಎಐ ಇದೆ ಸಾರ್, ಎಲ್ಲಾ ಅದೇ ನೋಡ್ಕೊಳ್ಳುತ್ತೆ ಅಂದ್ರಂತೆ. ಚಿಕ್ಕಪ್ಪ ನನಗೆ ಫೋನ್ ಮಾಡಿ, “ತಗೊಳ್ಲೇನವ್ವಾ?” ಅಂದ್ರು. ಇರೋದು ಒಂದು ಕಂಪ್ಯೂಟರ್, ಎರಡು ಫೋನು, ನಾಲ್ಕು ಜನ ಹುಡುಗರು. ತಡೀರಿ ಚಿಕ್ಕಪ್ಪ, ನಾನೇ ಬಂದು ನೋಡ್ತೀನಿ, ಆಮೇಲೆ ಕಾಸು ಬಿಚ್ಚಿ ಅಂದೆ.

ಇದು ಆ ಕಂಪ್ಯೂಟರ್. ಕೀಬೋರ್ಡ್ ಮೇಲೆ ಬಟ್ಟೆ ಯಾಕೆ ಅಂದ್ರೆ ತಾಮ್ರದ ಚೂರು ಹಾರಿ ಬಂದು ಬೀಳುತ್ತೆ. ಒಳಗೆ ಲೆಕ್ಕ ಇಡೋ ಟ್ಯಾಲಿ ಸಾಫ್ಟ್‌ವೇರ್, ವಿಂಡೋಸ್ 10. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವರು ಮಾಮೂಲಿ ಸೆಕ್ಯುರಿಟಿ ಅಪ್ಡೇಟ್ ಕೊಡೋದನ್ನ 2025ರ ಅಕ್ಟೋಬರ್ 14ಕ್ಕೇ ನಿಲ್ಲಿಸಿದ್ದಾರೆ. ಈ ಕಂಪ್ಯೂಟರ್ ಹಳೇದು, ವಿಂಡೋಸ್ 11 ತಗೊಳ್ಳಲ್ಲ. ಅದನ್ನ ಆಮೇಲೆ ಮಾತಾಡೋಣ, ಮೊದಲು ಆ್ಯಂಟಿವೈರಸ್.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಇಷ್ಟು ಸಣ್ಣ ಅಂಗಡಿಗೆ ದುಡ್ಡು ಕೊಟ್ಟು ಆ್ಯಂಟಿವೈರಸ್ ಬೇಕಾಗಿಲ್ಲ. ವಿಂಡೋಸ್ ಜೊತೆನೇ ಡಿಫೆಂಡರ್ ಪುಕ್ಕಟೆ ಬರುತ್ತೆ, ಸಾಕು... ಅಂತ ಹೇಳ್ತಾ ತೆಗೆದು ನೋಡಿದ್ರೆ, ಈ ಶಾಟ್ ನೋಡಿ, ಡಿಫೆಂಡರ್ ಆಫ್! ಯಾವಾಗ್ಲೋ ಕಂಪ್ಯೂಟರ್ ಜೊತೆ ಕೊಟ್ಟಿದ್ದ ಆ್ಯಂಟಿವೈರಸ್ ಒಂದು ಕೂತಿದೆ, ಅದರ ಅವಧಿ ಮುಗಿದು ಮೂರು ವರ್ಷ. ಇನ್ನೊಂದು ಆ್ಯಂಟಿವೈರಸ್ ಇದೆ ಅಂದ್ರೆ ಡಿಫೆಂಡರ್ ತಾನಾಗೇ ಪಕ್ಕಕ್ಕೆ ಸರಿದು ಬಿಡುತ್ತೆ. ಇಲ್ಲಿ ಅದೂ ಕಾಯ್ತಿಲ್ಲ, ಇದೂ ಕಾಯ್ತಿಲ್ಲ. ಹಳೇದನ್ನ ತೆಗೆದು ಹಾಕಿದ ಮೇಲೆ ಡಿಫೆಂಡರ್ ಎದ್ದು ಕೂತ್ಕೊಳ್ತು. ಹಾಗಾಗಿ ನಾನು ಹೇಳಿದ್ದನ್ನ ಸ್ವಲ್ಪ ತಿದ್ಕೊಳ್ತೀನಿ. ಪುಕ್ಕಟೆದು ಸಾಕು, ಆದ್ರೆ ಅದು ಎಚ್ಚರ ಇದೆಯಾ ಅಂತ ತಿಂಗಳಿಗೊಂದು ಸಲ ಯಾರಾದ್ರೂ ನೋಡಬೇಕು. ನೋಡೋರು ಯಾರೂ ಇಲ್ಲ ಅನ್ನೋ ಅಂಗಡಿಯವರು ದುಡ್ಡು ಕೊಟ್ಟೇ ಹಾಕಿಸ್ಕೊಳ್ಳಿ, ತಪ್ಪಿಲ್ಲ. ರಿನ್ಯೂವಲ್‌ಗಾದ್ರೂ ಅವರು ಫೋನ್ ಮಾಡ್ತಾರೆ.

ಈಗ ಬರ್ತೀನಿ ಇವತ್ತಿನ ದೊಡ್ಡ ತಲೆನೋವಿಗೆ. ಇದರಲ್ಲೇ ಮೂರು ಗಂಟೆ ಹೋಯ್ತು.

ಅಂಗಡಿ ಹೆಸರಲ್ಲಿ ಒಂದು ಜಿಮೇಲ್ ಇದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ, ಕೊಯಮತ್ತೂರಿನ ಪಂಪ್ ಕಂಪನಿಯವರ ಬಿಲ್ಲು, ವಾಟ್ಸಾಪ್ ಬ್ಯಾಕಪ್, ಎಲ್ಲಾ ಅದಕ್ಕೇ. ಯಾವ ಸೈಟಲ್ಲಿ ಪಾಸ್‌ವರ್ಡ್ ಮರೆತು ಹೋಯ್ತು ಅಂತ ಒತ್ತಿದ್ರೂ ಲಿಂಕ್ ಬಂದು ಬೀಳೋದು ಇಲ್ಲಿಗೇ. ಅಂದ್ರೆ ಗಲ್ಲಾ ಪೆಟ್ಟಿಗೆ, ಗೋಡೌನು, ಮನೆ, ಎಲ್ಲದರ ಬೀಗದ ಕೈ ಗೊಂಚಲು ಇದು. ಇದಕ್ಕೆ ಟೂ ಸ್ಟೆಪ್ ವೆರಿಫಿಕೇಶನ್, ಅಂದ್ರೆ ಪಾಸ್‌ವರ್ಡ್ ಆದ್ಮೇಲೆ ಫೋನಲ್ಲೂ ಒಂದು ಸಲ ಖಚಿತ ಮಾಡೋ ವ್ಯವಸ್ಥೆ, ಹಾಕೋಣ, ಐದು ನಿಮಿಷದ ಕೆಲಸ ಅಂತ ಕೂತೆ. ಪಾಸ್‌ವರ್ಡ್ ಕೇಳ್ತು. ಚಿಕ್ಕಪ್ಪಂಗೆ ಗೊತ್ತಿಲ್ಲ. ಚಿಕ್ಕಮ್ಮಂಗೆ ಗೊತ್ತಿಲ್ಲ. ಯಾವಾಗ್ಲೂ ತೆರೆದೇ ಇರುತ್ತೆ ಕಣವ್ವ, ಯಾವತ್ತೂ ಕೇಳಿಲ್ಲ ಅಂದ್ರು. ಸರಿ, ಮರೆತಿದ್ದೀವಿ ಅಂತ ಒತ್ತಿದ್ರೆ, 47ರಲ್ಲಿ ಮುಗಿಯೋ ನಂಬರಿಗೆ ಕೋಡ್ ಕಳಿಸಿದ್ದೀವಿ ಅಂತು.

47 ಯಾರದ್ದು? ಚಿಕ್ಕಪ್ಪಂದು ಅಲ್ಲ. ಚಿಕ್ಕಮ್ಮಂದು ಅಲ್ಲ. ಆಡಿಟರ್‌ದೂ ಅಲ್ಲ. ಹಳೇ ಸಿಮ್ಮು ಅಂತ ಡ್ರಾಯರ್ ಎಲ್ಲಾ ಹುಡುಕಿದ್ವಿ, ಅದೇ ಈ ಶಾಟ್. ಮೂರು ಸಿಮ್ ಸಿಕ್ತು, ಒಂದೂ 47 ಅಲ್ಲ. ಮಧ್ಯದಲ್ಲಿ ಫುಟ್‌ವಾಲ್ವ್ ಬೇಕು ಅಂತ ಒಬ್ರು ಬಂದ್ರು, ಅವರ ಜೊತೆ ಚಿಕ್ಕಪ್ಪ ಕೊಬ್ಬರಿ ರೇಟು ಮಾತಾಡ್ತಾ ಅರ್ಧ ಗಂಟೆ ನಿಂತ್ರು. ಕೊಬ್ಬರಿ ರೇಟು ಇದ್ರೆ ಮೋಟರ್ ಹೊಸದು, ಇಲ್ಲಾಂದ್ರೆ ಹಳೇದಕ್ಕೇ ವೈಂಡಿಂಗು, ಈ ಊರಿನ ಲೆಕ್ಕ ಅದು. ಹಾಗೆ ಮಾತಾಡ್ತಾ ಇದ್ದವರು ತಟ್ಟನೆ ತಿರುಗಿ, “ಆ ಹುಡುಗ ಕಣೇ!” ಅಂದ್ರು.

2016ರಲ್ಲಿ ಅಂಗಡಿಯಲ್ಲಿ ಒಬ್ಬ ಹುಡುಗ ಇದ್ದ. ಜಿಮೇಲ್ ಮಾಡಿಕೊಟ್ಟಿದ್ದು ಅವನೇ, ತನ್ನ ನಂಬರೇ ಕೊಟ್ಟಿದ್ದ. ಎರಡು ವರ್ಷ ಆದ್ಮೇಲೆ ಪೀಣ್ಯಕ್ಕೆ ಕೆಲಸಕ್ಕೆ ಹೋದ. ಅವತ್ತಿಂದ ಇವತ್ತಿನವರೆಗೆ ಈ ಅಂಗಡಿಯ ಬೀಗದ ಕೈ ಗೊಂಚಲು ಪೀಣ್ಯದಲ್ಲಿದೆ! ಅವನು ಒಳ್ಳೆಯವನು, ನಮ್ಮ ಪುಣ್ಯ. ಆದ್ರೆ ಅವನು ನಂಬರ್ ಬಿಟ್ಟಿದ್ರೆ? ಬಿಟ್ಟ ನಂಬರನ್ನ 90 ದಿನ ಆದ್ಮೇಲೆ ಬೇರೆಯವರಿಗೆ ಕೊಡಬಹುದು. ಅಂಗಡಿ ಕೋಡ್ ಗುರುತಿಲ್ಲದ ಯಾರೋ ಒಬ್ಬರ ಫೋನಿಗೆ ಹೋಗ್ತಿತ್ತು.

ಫೋನ್ ಮಾಡಿದ್ವಿ. ಶಿಫ್ಟಲ್ಲಿದ್ದ, ಎತ್ತಲಿಲ್ಲ. ಊಟದ ಹೊತ್ತಿಗೆ ಅವನೇ ಮಾಡಿದ. ಚಿಕ್ಕಪ್ಪ ಒಳಗಿದ್ರು, ನಾನೇ ಎತ್ತಿ, ನಿನ್ನ ನಂಬರಿಗೆ ಗೂಗಲ್‌ನಿಂದ 6 ಅಂಕಿ ಬರುತ್ತೆ, ಹೇಳಪ್ಪ ಅಂದೆ.

“ಅಕ್ಕ, ಬೇಜಾರ್ ಮಾಡ್ಕೋಬೇಡಿ. ನೀವ್ಯಾರು ಅಂತ ನನಗೆ ಗೊತ್ತಿಲ್ಲ. ಓಟಿಪಿ ಹೇಳಲ್ಲ.”

ಚಿಕ್ಕಪ್ಪನ್ನ ಕರೆದೆ. ಅವರು, “ಲೇ, ನಾನು ಕಣೋ” ಅಂದ್ರು. ಅದಕ್ಕೆ ಅವನು, “ದನಿ ನಿಮ್ಮದೇ ಇದೆ ಯಜಮಾನ್ರೆ. ಆದ್ರೆ ಈಗ ದನೀನೂ ಮಾಡ್ತಾರಂತೆ. ನಮ್ಮ ಅಂಗಡಿ ಶಟರ್ ಎತ್ತಬೇಕಾದ್ರೆ ಏನ್ ಮಾಡಬೇಕು ಹೇಳಿ?”

ಚಿಕ್ಕಪ್ಪ ಒಂದು ಗಳಿಗೆ ಸುಮ್ಮನಿದ್ದು, “ಎಡಗಡೆ ಮೂಲೇಗೆ ಒದ್ದು ಎತ್ತಬೇಕು. ಇನ್ನೂ ರಿಪೇರಿ ಮಾಡ್ಸಿಲ್ಲ ಕಣೋ” ಅಂದ್ರು. ಆಗ ಹೇಳಿದ.

ನನಗೆ ಮೈ ಜುಮ್ ಅಂತು. ನಿಜವಾಗ್ಲೂ. ಎಐ ಇಟ್ಕೊಂಡು ಮನೆಯವರ ದನಿ ನಕಲು ಮಾಡಿ ದುಡ್ಡು ಕೇಳೋ ಕಾಲ ಇದು. ಅದಕ್ಕೆ ಆ ಹುಡುಗ ಮಾಡಿದ್ದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ, ಒಂದು ರೂಪಾಯಿ ಖರ್ಚೂ ಇಲ್ಲ. ಅಂಗಡಿಯವರಿಗೆ ಮಾತ್ರ ಗೊತ್ತಿರೋ ಒಂದು ಪ್ರಶ್ನೆ. ಈಗ ಮನೆಯಲ್ಲೂ ಒಂದು ಮಾತು ಗೊತ್ತು ಮಾಡ್ಕೊಂಡಿದ್ದೀವಿ. ಶಟರ್ ವಿಷಯ ಈಗ ನಿಮಗೆಲ್ಲ ಗೊತ್ತಾಗಿದೆ, ಹಾಗಾಗಿ ಅದು ಬೇರೆ.

ರಿಕವರಿ ನಂಬರ್ ಚಿಕ್ಕಪ್ಪಂದು ಹಾಕಿದೆ. ಆದ್ರೆ ಬದಲಾಯಿಸಿದ ಮೇಲೂ 7 ದಿನ ಹಳೇ ನಂಬರಿಗೆ ಕೋಡ್ ಕಳಿಸೋ ಅವಕಾಶ ಗೂಗಲ್ ಇಟ್ಕೊಂಡಿರುತ್ತೆ. ಈ ವಾರ ಏನಾದ್ರೂ ಬಂದ್ರೆ ಯಾರಿಗೂ ಕೊಡಬೇಡ ಅಂತ ಆ ಹುಡುಗಂಗೆ ಹೇಳಿದ್ದೀವಿ. ಪಾಸ್‌ವರ್ಡ್ ಇಟ್ಕೊಳ್ಳೋಕೆ ಬಿಟ್‌ವಾರ್ಡನ್ ಅಂತ ಆ್ಯಪ್ ಇದೆ, ಪುಕ್ಕಟೆ. ಹಾಕ್ಕೊಳ್ಳಿ ಅಂದೆ. ಚಿಕ್ಕಪ್ಪ ಪುಸ್ತಕದಲ್ಲಿ ಬರೆದು ಗಲ್ಲಾದಲ್ಲಿಟ್ಟು ಬೀಗ ಹಾಕ್ತೀನಿ ಅಂದ್ರು. ಮೊದಲು ಬೇಡವೇ ಬೇಡ ಅಂದೆ. ಆಮೇಲೆ ಯೋಚನೆ ಮಾಡಿದ್ರೆ, ರಷ್ಯಾದಲ್ಲಿ ಕೂತ ಕಳ್ಳ ತಿಪಟೂರಿನ ಗಲ್ಲಾ ಒಡೆಯೋಕೆ ಬರಲ್ಲ. ಸರಿ, ಪುಸ್ತಕನೇ ಇರಲಿ. ಮಾನಿಟರ್‌ಗೆ ಚೀಟಿ ಅಂಟಿಸಬಾರದು, ಅಷ್ಟೇ.

ಈಗ ಎಐ ವಿಷಯ. ಗೂಗಲ್‌ನವರ ಎಐ ಜೆಮಿನೈ ಫೋನಲ್ಲಿದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬಂದ ಮೆಸೇಜಿನ ಸ್ಕ್ರೀನ್‌ಶಾಟ್ ತೋರಿಸಿ ಇದು ನಿಜಾನಾ ಅಂತ ಕೇಳೋದನ್ನ ಚಿಕ್ಕಪ್ಪಂಗೆ ಕಲಿಸಿದೆ. ‘ಆರ್‌ಟಿಓ ಚಲನ್’ ಅಂತ ವಾಟ್ಸಾಪಲ್ಲಿ ಬಂದಿದ್ದ ಎಪಿಕೆ ಫೈಲಿನ (ಫೋನಿಗೆ ಆ್ಯಪ್ ಹಾಕೋ ಫೈಲು) ಮೆಸೇಜ್ ತೋರಿಸಿದ್ವಿ, ಮುಟ್ಟಬೇಡಿ, ಇನ್‌ಸ್ಟಾಲ್ ಮಾಡಬೇಡಿ ಅಂತ ಚೆನ್ನಾಗಿ ಹೇಳ್ತು. ನಾನು ಖುಷಿಯಾಗಿ, ಚಿಕ್ಕಪ್ಪ ಇದೇ ಸಾಕು, 22,000 ಯಾಕೆ ಅಂದೆ.

ಆಗ ಅವರು ಇದನ್ನ ತೆಗೆದ್ರು. ಎರಡು ತಿಂಗಳ ಹಿಂದೆ ಬಂದ ಮೇಲ್. ಕೊಯಮತ್ತೂರಿನ ಸಪ್ಲೈಯರ್ ಹೆಸರಲ್ಲಿ, ನಮ್ಮ ಖಾತೆ ಬದಲಾಗಿದೆ, ಬಾಕಿ 86,400 ರೂಪಾಯಿ ಹೊಸ ಖಾತೆಗೆ ಹಾಕಿ ಅಂತ. ಕಂಪನಿ ಮುದ್ರೆ ಇದೆ, ಒಂದು ಕಾಗುಣಿತ ತಪ್ಪಿಲ್ಲ. ಮೊದಲೆಲ್ಲ ಕೆಟ್ಟ ಇಂಗ್ಲಿಷ್ ನೋಡಿದ ತಕ್ಷಣ ಕಳ್ಳ ಅಂತ ಗೊತ್ತಾಗ್ತಿತ್ತು. ಈಗ ಕಳ್ಳರ ಕೈಯಲ್ಲೂ ಎಐ ಇದೆ, ಭಾಷೆ ನೋಡಿ ಹಿಡಿಯೋಕಾಗಲ್ಲ. ಜೆಮಿನೈಗೆ ತೋರಿಸಿದ್ವಿ. ಮಾಮೂಲಿ ವ್ಯವಹಾರದ ಪತ್ರದ ಹಾಗಿದೆ, ಆದ್ರೂ ಒಂದು ಸಲ ಖಚಿತ ಮಾಡ್ಕೊಳ್ಳಿ ಅಂತು. ಅದಕ್ಕೆ ಪಾಪ ಹಳೇ ಖಾತೆ ಯಾವುದು ಅಂತ ಗೊತ್ತಿರಲ್ಲವಲ್ಲ.

ಚಿಕ್ಕಪ್ಪಂಗೆ ಗೊತ್ತಿತ್ತು. ಇಲ್ಲಿ ಝೂಮ್ ಮಾಡ್ತೀನಿ, ಅಂಕಿ ಮಸುಕು ಮಾಡಿದ್ದೀನಿ. ಐಎಫ್‌ಎಸ್‌ಸಿ ಕೋಡಲ್ಲಿ 11 ಅಕ್ಷರ. ಮೊದಲ 4 ಬ್ಯಾಂಕು, ಆಮೇಲೆ ಒಂದು ಸೊನ್ನೆ, ಕೊನೆ 6 ಬ್ರಾಂಚು. “ಹದಿನೈದು ವರ್ಷದಿಂದ ಅವರಿಗೆ ದುಡ್ಡು ಕಟ್ತಿದ್ದೀನಿ. ಆ ಕೊನೆ ಆರು ಅಂಕಿ ನನಗೆ ಬಾಯಿಪಾಠ. ಇದು ಆ ಬ್ರಾಂಚೇ ಅಲ್ಲ” ಅಂದ್ರು. ಆ ಇಮೇಲಲ್ಲಿದ್ದ ನಂಬರಿಗೆ ಫೋನ್ ಮಾಡದೆ, ಹಳೇ ಬಿಲ್ಲಿನ ಮೇಲಿದ್ದ ನಂಬರಿಗೆ ಮಾಡಿದ್ರಂತೆ. ಖಾತೆ ಬದಲಾಗೇ ಇರಲಿಲ್ಲ.

ಇದೇ ಸಾಕು ಅಂದಿದ್ನಲ್ಲ, ಅದನ್ನ ವಾಪಸ್ ತಗೊಳ್ತೀನಿ. ಎಐ ಒಳ್ಳೇದೇ, ನನಗೆ ಇಷ್ಟ. ಅದನ್ನ ಕೇಳಿ ನೋಡಿ. ಆದ್ರೆ ಖಾತೆ ಬದಲಾಯ್ತು ಅಂದ್ರೆ ಹಳೇ ನಂಬರಿಗೆ ಫೋನ್ ಮಾಡದೆ ದುಡ್ಡು ಹಾಕಬೇಡಿ. ಇನ್ನೊಂದು, ಗಿರಾಕಿಗಳ ಪಟ್ಟಿ, ಪಾಸ್‌ವರ್ಡ್, ಬ್ಯಾಂಕ್ ಸ್ಟೇಟ್‌ಮೆಂಟ್ ಇವನ್ನ ಅದಕ್ಕೆ ಹಾಕಲೇಬೇಡಿ.

ಬೇಗ ಬೇಗ ಮುಂದಕ್ಕೆ ಹೋಗ್ತೀನಿ, ಬೆಳಕು ಹೋಗ್ತಾ ಇದೆ. ವಾಟ್ಸಾಪಲ್ಲಿ 6 ಅಂಕಿಯ ಪಿನ್ ಹಾಕಿದ್ದು ಇದು. ಲಿಂಕ್ಡ್ ಡಿವೈಸಸ್, ಅಂದ್ರೆ ಈ ವಾಟ್ಸಾಪ್ ಬೇರೆ ಎಲ್ಲೆಲ್ಲಿ ತೆರೆದಿದೆ ಅನ್ನೋ ಪಟ್ಟಿ, ನೋಡಿದ್ರೆ ಒಂದು ಕಂಪ್ಯೂಟರ್ ಇತ್ತು, ಎದುರುಗಡೆ ಝೆರಾಕ್ಸ್ ಅಂಗಡಿದು. ಹೋದ ವಾರ ಪ್ರಿಂಟ್ ತೆಗೆಸೋಕೆ ಸ್ಕ್ಯಾನ್ ಮಾಡಿ ಹಾಗೇ ಬಿಟ್ಟು ಬಂದಿದ್ದಾರೆ. ತೆಗೆದೆ. ಕ್ಯೂಆರ್ ಸ್ಟಿಕ್ಕರ್ ಮೇಲೆ ಯಾರಾದ್ರೂ ಬೇರೆ ಅಂಟಿಸಿದ್ದಾರಾ ಅಂತ ದಿನಾ ಬೆಳಿಗ್ಗೆ ಒಂದು ರೂಪಾಯಿ ಹಾಕಿ ನೋಡೋದು, ಇದು ಚಿಕ್ಕಮ್ಮನ ಕೆಲಸ.

ಟ್ಯಾಲಿ ಬ್ಯಾಕಪ್. ಇಷ್ಟು ವರ್ಷದ್ದು ಸೇರಿ 3 ಜಿಬಿ ಇಲ್ಲ. ಎರಡು ಪೆನ್‌ಡ್ರೈವ್ ತಂದೆ, ಒಂದಕ್ಕೆ 480 ರೂಪಾಯಿ. ಸೋಮವಾರದ್ದು ಒಂದು, ಗುರುವಾರದ್ದು ಒಂದು. ಕಾಪಿ ಆದ ತಕ್ಷಣ ಕಿತ್ತು ಮನೆಗೆ ಒಯ್ಯಬೇಕು. ಕಂಪ್ಯೂಟರಿಗೇ ಚುಚ್ಚಿಟ್ರೆ, ರ‍್ಯಾನ್ಸಮ್‌ವೇರ್ ಬಂದ ದಿನ ಮೂಲದ ಜೊತೆ ಅದನ್ನೂ ಬೀಗ ಹಾಕಿ ದುಡ್ಡು ಕೇಳುತ್ತೆ. ತಿಂಗಳಿಗೊಂದು ಸಲ ಆ ಬ್ಯಾಕಪ್ ನಿಜವಾಗ್ಲೂ ತೆರೆಯುತ್ತಾ ಅಂತ ತೆರೆದೇ ನೋಡಬೇಕು.

ಕಂಪ್ಯೂಟರ್ ಬಗ್ಗೆ ಹೇಳ್ತೀನಿ ಅಂದಿದ್ದೆ. ಬೆಳಿಗ್ಗೆ ಇದೇ ಇನ್ನೂ ಎರಡು ವರ್ಷ ಓಡ್ಲಿ ಅಂದಿದ್ದೆ, ಈಗ ಬೇಡ ಅನ್ನಿಸ್ತಿದೆ. ಪ್ಯಾಕೇಜಿಗೆ ಕೊಡೋ 22,000ಕ್ಕೆ ಇನ್ನಷ್ಟು ಸೇರಿಸಿ ವಿಂಡೋಸ್ 11 ಇರೋ ಕಂಪ್ಯೂಟರ್ ತಗೊಳ್ಳಿ ಚಿಕ್ಕಪ್ಪ ಅಂತ ಹೇಳಿದ್ದೀನಿ. ಕಾಸು ಹೋಗಬೇಕಾಗಿರೋದು ಅಲ್ಲಿಗೆ.

ಕೊನೇ ಶಾಟ್. ಚಿಕ್ಕಪ್ಪ ಸಾಲದ ಪುಸ್ತಕದ ಹಿಂದಿನ ಹಾಳೇಲಿ ಗೆರೆ ಹೊಡೆದು ಬರೀತಿದ್ದಾರೆ. ಎಡಗಡೆ ಜಿಮೇಲ್, ಬ್ಯಾಂಕು, ವಾಟ್ಸಾಪ್, ಜಿಎಸ್‌ಟಿ, ಇ-ವೇ ಬಿಲ್. ಬಲಗಡೆ, ಓಟಿಪಿ ಯಾರ ಫೋನಿಗೆ. ಜಿಎಸ್‌ಟಿ ಮುಂದೆ ಆಡಿಟರ್ ಹೆಸರು ಬಂದು ನಿಂತಿದೆ. ನಾಳೆ ಬೆಳಿಗ್ಗೆ ಅವರ ಹತ್ರ ಹೋಗಿ ಬದಲಾಯಿಸ್ತಾರಂತೆ. ಗೋಡೆ ಮೇಲೆ, ಲೈನ್‌ಮ್ಯಾನ್ ನಂಬರಿನ ಕೆಳಗೆ, ಮಾರ್ಕರ್‌ನಲ್ಲಿ 1930 ಬರೆಸಿದ್ದೀನಿ. ಅದು ಸೈಬರ್ ವಂಚನೆ ದೂರು ಕೊಡೋ ಸಹಾಯವಾಣಿ. ದುಡ್ಡು ಹೋಯ್ತು ಅಂತ ಗೊತ್ತಾದ ನಿಮಿಷಕ್ಕೇ ಅಲ್ಲಿಗೆ ಫೋನ್ ಮಾಡಬೇಕು, ನಾಲ್ಕೂ ಹುಡುಗರಿಗೆ ಹೇಳಿ ಆಯ್ತು.

ಶಟರ್ ಇಳೀತಾ ಇದೆ, ನನಗೆ ರೈಲಿಗೆ ಹೊತ್ತಾಯ್ತು. ನಿಮ್ಮ ಅಂಗಡಿಯ 47 ಯಾರ ಹತ್ರ ಇದೆ, ನೋಡಿ ಹೇಳಿ. ಬರ್ತೀನಿ.