ಮೂಳೆ ಕೂಡಿದ ಮೇಲೂ ನಡುಗುವ ಕೈ

ಎಲ್ಲರಿಗೂ ನಮಸ್ಕಾರ. ಬೈಕಿನಿಂದ ಬಿದ್ದವರು ಕೈ ಎತ್ತಿ ಎಂದು ನಾನು ಕೇಳುವುದಿಲ್ಲ. ನಾನಂತೂ ಬಿದ್ದವನು. ತಿರುವಿನಲ್ಲಿ ಚೆಲ್ಲಿದ್ದ ಮರಳಿನ ಮೇಲೆ ಮುಂದಿನ ಚಕ್ರ ಜಾರಿತು, ಭುಜದ ಮೂಳೆ ಮುರಿಯಿತು. ಮೂಳೆ ಎರಡು ತಿಂಗಳಲ್ಲಿ ಕೂಡಿಕೊಂಡಿತು. ಬೈಕಿನ ಕೀಲಿ ಹಿಡಿದಾಗ ಬರುತ್ತಿದ್ದ ನಡುಕ ಮಾತ್ರ ಅಷ್ಟು ಬೇಗ ಬಿಡಲಿಲ್ಲ.

ಹಾವು ಕಚ್ಚಿದವನು ಹಗ್ಗ ಕಂಡರೂ ಹೆದರುತ್ತಾನೆ ಎಂದು ಜನ ನಗುತ್ತಾರೆ. ಅದು ನಗುವ ಮಾತಲ್ಲ. ಅಪಾಯವನ್ನು ಗುರುತಿಸುವುದರಲ್ಲಿ ಮಿದುಳಿನ ಅಮಿಗ್ಡಲ ಎಂಬ ಪುಟ್ಟ ಭಾಗದ ಪಾತ್ರ ದೊಡ್ಡದು. ಮರಳು, ಬ್ರೇಕಿನ ಕಿರುಚು, ಪೆಟ್ರೋಲಿನ ವಾಸನೆ ಎಲ್ಲವೂ ಅಲ್ಲಿ ಒಂದೇ ಗಂಟು. ಯಾವ ಎಳೆ ಮುಟ್ಟಿದರೂ ಎದೆ ಹೊಡೆದುಕೊಳ್ಳುತ್ತದೆ.

ನಾನು ಏನು ಮಾಡಿದೆ? ನೆಪ ಹುಡುಕಿದೆ. ಮಳೆ ಬರುವಂತಿದೆ, ನಾಳೆ ನೋಡೋಣ. ಒಂದೊಂದು ನೆಪವೂ ಆ ಕ್ಷಣಕ್ಕೆ ಹಾಯೆನಿಸುತ್ತಿತ್ತು. ಭಯ ಬೆಳೆದದ್ದು ಆ ಹಾಯನ್ನು ತಿಂದೇ. ಹತ್ತಲಿಲ್ಲ, ಆದ್ದರಿಂದ ಬದುಕಿದೆ ಎಂದು ಮಿದುಳು ಲೆಕ್ಕ ಬರೆದುಕೊಳ್ಳುತ್ತದೆ.

ಗೆಳೆಯರದು ಇನ್ನೊಂದು ಅತಿ: "ಧೈರ್ಯ ಮಾಡಿ ಸೀದಾ ಹೆದ್ದಾರಿಗೇ ಹೋಗು." ಇದು ಅಪಾಯದ ಸಲಹೆ. ಹೆದರಿದವನ ಮೊಣಕೈ ಸೆಟೆದುಕೊಳ್ಳುತ್ತದೆ, ಬೈಕ್ ಹೇಳಿದ ಹಾಗೆ ಬಾಗುವುದಿಲ್ಲ. ಕಣ್ಣು ಗುಂಡಿಯ ಮೇಲೆಯೇ ನೆಡುತ್ತದೆ. ಕಣ್ಣು ನೆಟ್ಟಲ್ಲಿಗೇ ಚಕ್ರವೂ ಹೋಗುತ್ತದೆ.

ನನಗೆ ಒದಗಿದ್ದು ಮನೋವೈದ್ಯ ಜೋಸೆಫ್ ವೋಲ್ಪೆ 1950ರ ದಶಕದಲ್ಲಿ ರೂಪಿಸಿದ ಕ್ರಮದ ಒಂದು ಸರಳ ರೂಪ. ಭಯಕ್ಕೆ 0ಯಿಂದ 100ರವರೆಗೆ ಅಂಕ ಕೊಡಬೇಕು, ಕಡಿಮೆ ಅಂಕದ ಮೆಟ್ಟಿಲಿನಿಂದ ಹತ್ತಬೇಕು. ಎಂಜಿನ್ ಆರಿಸಿ ಸುಮ್ಮನೆ ಸೀಟಿನ ಮೇಲೆ ಕೂರುವುದಕ್ಕೇ ನಾನು 40 ಕೊಟ್ಟಿದ್ದೆ. ನಾಚಿಕೆಯಾಯಿತು, ಆದರೂ ಕೂತೆ. ಉಸಿರನ್ನು ನಿಧಾನವಾಗಿ ಹೊರಬಿಡುತ್ತಾ, ಅಂಕ ಅರ್ಧಕ್ಕಿಳಿಯುವವರೆಗೆ ಏಳಲಿಲ್ಲ. ಆಮೇಲೆ ಖಾಲಿ ಮೈದಾನದಲ್ಲಿ ಮೊದಲ ಗೇರು, ಬ್ರೇಕ್ ಹಿಡಿದು ಬಿಡುವ ಅಭ್ಯಾಸ. ನಂತರ ಸಂಚಾರವಿಲ್ಲದ ಹೊತ್ತಿನಲ್ಲಿ ಪರಿಚಿತ ರಸ್ತೆ. ಆ ತಿರುವು ಕೊನೆಗೆ. ನಡುವೆ ಹಿಂದಕ್ಕೆ ಜಾರಿದ ದಿನಗಳೂ ಇದ್ದವು. ಆಗ ಒಂದು ಮೆಟ್ಟಿಲು ಕೆಳಗಿಳಿದು ಮತ್ತೆ ಹತ್ತಿದೆ.

ಬೈಕನ್ನೂ ಮರೆಯಬೇಡಿ. ಮುಂದಿನ ಚಕ್ರವನ್ನು ಹಿಡಿದಿಡುವ, ಬಾಗಿದ ಫೋರ್ಕ್‌ನಿಂದ ಹ್ಯಾಂಡಲ್ ಒಂದು ಕಡೆಗೆ ಎಳೆಯುತ್ತಿದ್ದರೆ ನಿಮ್ಮ ಭಯ ಸುಳ್ಳಲ್ಲ, ಮೆಕ್ಯಾನಿಕ್‌ಗೆ ತೋರಿಸಿ. ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಿ. ಒಳಗಿನ ಫೋಮ್ ಒಮ್ಮೆ ಕುಗ್ಗಿದರೆ ಮತ್ತೆ ಮೊದಲಿನಂತೆ ಕಾಪಾಡುವುದಿಲ್ಲ.

ತಿಂಗಳು ಕಳೆದರೂ ಅದೇ ಕನಸು, ಅದೇ ಬೆಚ್ಚಿಬೀಳುವಿಕೆ, ಆ ರಸ್ತೆಯ ಹೆಸರೆತ್ತಿದರೂ ತಳಮಳ ಇದ್ದರೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಆಘಾತದ ನಂತರದ ಈ ತೊಂದರೆಗೆ ಚಿಕಿತ್ಸೆಯಿದೆ. ಇನ್ನು ಬೈಕೇ ಬೇಡ ಎಂದು ಸಮಾಧಾನದಿಂದ ಯೋಚಿಸಿ ನಿರ್ಧರಿಸಿದವರನ್ನು ಹೇಡಿ ಎನ್ನುವ ಹಕ್ಕು ಯಾರಿಗೂ ಇಲ್ಲ.

ಆ ತಿರುವಿನಲ್ಲಿ ನನ್ನ ಅಂಕ ಇಂದಿಗೂ 30ಕ್ಕಿಂತ ಕೆಳಗಿಳಿದಿಲ್ಲ. ಅಲ್ಲಿ ಎರಡನೇ ಗೇರಿನಲ್ಲಿಯೇ ಹೋಗುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.