ಜ್ವರ ಬಂದವರಿಗೆ ಕೂಲಿ ಕೊಟ್ಟು ಮನೆಗೆ ಕಳಿಸಿ

ಕೇಳುಗರೇ, ನಮಸ್ಕಾರ. ಬಳ್ಳಾರಿಯ ಜೀನ್ಸ್ ಯೂನಿಟ್, ಗಂಗಾವತಿಯ ರೈಸ್ ಮಿಲ್, ರಾಯಚೂರಿನ ಹತ್ತಿ ಜಿನ್ನಿಂಗ್ ನಡೆಸುವವರು, ಅಲ್ಲಿ ದುಡಿಯುವವರು ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ.

ದೊಡ್ಡ ಸಾಂಕ್ರಾಮಿಕ ರೋಗ ಬಂದಾಗ ಜೀವ ಮುಖ್ಯವೋ, ದುಡಿಮೆ ಮುಖ್ಯವೋ ಅಂತ ಎಲ್ಲರೂ ಕೇಳುತ್ತಾರೆ. ಕೊರೊನಾ ಕಾಲದಲ್ಲಿ ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿತ್ತು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಆಗ ಗೇಟ್ ಮೊದಲೋ ಭತ್ತ ಮೊದಲೋ ಅಂತ ಯಾರಾದರೂ ಕೇಳಿದ್ರಾ? ಹರಿಯುವ ನೀರಿನಲ್ಲೇ ಸುಮಾರು ವಾರದಲ್ಲಿ ತಾತ್ಕಾಲಿಕ ಗೇಟ್ ಇಳಿಸಿದರು. ಡ್ಯಾಮಿನಲ್ಲಿ ನೀರು ಉಳಿದರೇ ಭತ್ತ, ಹಾಗಾಗಿ ಅದು ಭತ್ತ ಉಳಿಸುವ ಕೆಲಸವೇ ಆಗಿತ್ತು. ರೋಗ ತಡೆಯುವುದೂ ಹಾಗೇ, ವ್ಯಾಪಾರ ಉಳಿಸುವ ಕೆಲಸ.

2020ರ ಮೇ ತಿಂಗಳಲ್ಲಿ ಅಂಗಡಿ ಬಾಗಿಲು ತೆಗೆಯಲು ಸರ್ಕಾರ ಒಪ್ಪಿತು. ಗಿರಾಕಿ ಬಂದರಾ? ಅಕ್ಕಪಕ್ಕದ ಬೀದಿಯಲ್ಲಿ ಸೋಂಕು ಇದೆ ಅಂದರೆ ಹೊಸ ಬಟ್ಟೆ ಕೊಳ್ಳಲು ಯಾರೂ ಹೊರಡಲ್ಲ. ಬೀಗ ತೆಗೆದರೆ ಸಾಲದು, ಭಯ ಹೋಗಬೇಕು.

ಅದಕ್ಕೆ ನಾನು ಹೇಳುವುದು ಒಂದೇ ಮಾತು. ಜ್ವರ ಬಂದವರಿಗೆ ಕೂಲಿ ಕೊಟ್ಟು ಮನೆಗೆ ಕಳಿಸಿ.

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ನಡೆದದ್ದು ಹೇಳುತ್ತೇನೆ. ಲಾಕ್‌ಡೌನ್ ಮುಗಿದು ಆಗಷ್ಟೇ ಮೆಷಿನ್ ಶುರುವಾಗಿದ್ದವು. ದಸರಾ, ದೀಪಾವಳಿಗೆ ಮಾಲು ಕಳಿಸುವ ಆರ್ಡರ್ ಕೈಯಲ್ಲಿತ್ತು. ಅಲ್ಲಿ ಪೀಸಿನ ಲೆಕ್ಕ. ಹೊಲಿದಷ್ಟು ದುಡ್ಡು, ಶನಿವಾರ ಬಟವಾಡೆ. ಸೈಡ್ ಹೊಲಿಯುವ ಟೇಲರ್ ಒಬ್ಬರಿಗೆ ಜ್ವರ ಬಂತು. ಗುಳಿಗೆ ನುಂಗಿ, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಬಂದು ಕೂತರು. ಕಿಟಕಿಗಳಿಗೆ ಅಡ್ಡವಾಗಿ ಬಟ್ಟೆಯ ಬಂಡಲ್ ಪೇರಿಸಿದ್ದರು, ಗಾಳಿಗೆ ದಾರಿಯೇ ಇಲ್ಲ. ನಾನು ಕೊರೊನಾ ಪರೀಕ್ಷೆ ತಂಡದ ಜೊತೆ ಹೋದಾಗ ಅವರ ಬೆರಳೆಲ್ಲ ಜೀನ್ಸಿನ ನೀಲಿ ಬಣ್ಣ, ಕಣ್ಣು ಕೆಂಪು. "ಯಾಕಪ್ಪಾ ಬಂದೆ?" ಅಂದೆ. "ಮನಿಯಾಗ ಕುಂತ್ರ ಪಗಾರ ಯಾರು ಕೊಡ್ತಾರ ಸರ್?" ಅಂದರು. ಅವರದ್ದು ತಪ್ಪು ಅಂತ ಹೇಗೆ ಹೇಳಲಿ? ಮನೆಯಲ್ಲಿ ಮಕ್ಕಳಿವೆ, ಬಾಡಿಗೆ ಕಟ್ಟಬೇಕು.

ಆಮೇಲೆ ಪಕ್ಕದ ಮೆಷಿನ್‌ನಲ್ಲಿ ಸೊಂಟಪಟ್ಟಿ ಹೊಲಿಯುವವರು ಮಲಗಿದರು. ಕಾಜಾ ಹಾಕುವ ಹುಡುಗ, ಇಸ್ತ್ರಿ ಮಾಡುವವರು, ಹೀಗೇ ಒಬ್ಬೊಬ್ಬರಾಗಿ. ಈ ಕೆಲಸದಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಪೀಸ್ ಹೋಗಬೇಕು, ನಿಮಗೆ ಗೊತ್ತಲ್ಲ. ನಡುವೆ ನಾಲ್ಕು ಮೆಷಿನ್ ನಿಂತರೆ ಲೈನೇ ನಿಂತಂಗೆ. ಹಬ್ಬದ ಮಾಲು ಹೋಗಲಿಲ್ಲ, ಆರ್ಡರ್ ಕೈತಪ್ಪಿತು. ಟೇಲರ್‌ಗೆ ಒಂದು ವಾರದ ಕೂಲಿ ಕೊಟ್ಟು ಮಲಗಿಸಿದ್ದರೆ ಎಷ್ಟು ಖರ್ಚಾಗುತ್ತಿತ್ತು ಹೇಳಿ!

ಆ ಯೂನಿಟ್‌ನ ಸಾಹುಕಾರರು ಒಳ್ಳೆಯವರು, ಲೆಕ್ಕ ಬಲ್ಲವರು. 2022ರ ಜನವರಿಯಲ್ಲಿ ಮೂರನೇ ಅಲೆ ಬಂದಾಗ ಅವರೇ ಬಟವಾಡೆ ದಿನ ಎಲ್ಲರ ಎದುರಿಗೆ ಹೇಳಿದರು: "ಮೈ ಬಿಸಿಯಾದ್ರೆ ಬರಬ್ಯಾಡ್ರಿ, ನಿಮ್ಮ ದುಡ್ಡು ನಿಮಗ ಬರ್ತದ." ಕೆಲವರು ಏಳು ದಿನ ಮನೆಯಲ್ಲಿದ್ದರು. ಮೆಷಿನ್ ನಿಲ್ಲಲಿಲ್ಲ.

ಎಲ್ಲಾ ದುಡ್ಡು ಮಾಲೀಕರ ಜೇಬಿನಿಂದಲೇ ಬರಬೇಕಾ? ಇಲ್ಲ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇರುವುದೇ ಇದಕ್ಕೆ. ಹತ್ತು ಮತ್ತು ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಅದು ಅನ್ವಯ. ಮಾಲೀಕರು ಕಟ್ಟುವುದು ಕೂಲಿಯ 3.25%, ಕೆಲಸಗಾರರು 0.75%. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ, ಕಾಯಿಲೆ ಬಿದ್ದಾಗ ಡಾಕ್ಟರ್ ಸರ್ಟಿಫಿಕೇಟ್ ಮೇಲೆ ಕೂಲಿಯ 70% ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಪೀಸಿನ ಲೆಕ್ಕದಲ್ಲಿ ದುಡಿಯುವವರಿಗೂ ಇದೆ. ಆದರೆ ಹೆಸರು ನೋಂದಾಯಿಸಿರಬೇಕಲ್ವಾ? ರೋಗ ಬಂದ ಮೇಲೆ ಓಡಾಡಿದರೆ ಆಗಲ್ಲ.

ಗುಳೆ ಹೋಗುವವರ ಬಗ್ಗೆ ಜಾಸ್ತಿ ಹೇಳಬೇಕಿತ್ತು, ಹೊತ್ತಾಗುತ್ತಿದೆ. 2020ರಲ್ಲಿ ಬೆಂಗಳೂರಿನಿಂದ ವಾಪಸ್ ಬಂದವರಿಗೆ ಉದ್ಯೋಗ ಖಾತ್ರಿಯೇ ಆಸರೆ ಆಯಿತು. ದಿನಕ್ಕೆ 275 ರೂಪಾಯಿ, ಕೆರೆ ಹೂಳು, ಕೃಷಿ ಹೊಂಡ. ಬಯಲಿನಲ್ಲಿ, ದೂರ ದೂರ ನಿಂತು ಮಾಡುವ ಕೆಲಸ. ಉದ್ಯೋಗ ಖಾತ್ರಿಯ ಕಾರ್ಡ್ ಈಗಲೇ ಸರಿ ಮಾಡಿಸಿಟ್ಟುಕೊಳ್ಳಿ.

ಲಸಿಕೆ, ಮಾಸ್ಕ್ ನಿಮಗೆ ಗೊತ್ತೇ ಇದೆ. ಕಿಟಕಿಗೆ ಅಡ್ಡ ಇರುವ ಬಂಡಲ್ ಮಾತ್ರ ಇವತ್ತೇ ತೆಗೆಸಿ. ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಇಎಸ್‌ಐ ನಂಬರ್ ಏನು ಅಂತ ನಾಳೆ ಕೆಲಸಕ್ಕೆ ಹೋದಾಗ ಕೇಳಿ. ಸಾಹುಕಾರರೇ, ಜ್ವರ ಬಂದವರ ಕೂಲಿ ಕಡಿಯಲ್ಲ ಅಂತ ಈ ಶನಿವಾರದ ಬಟವಾಡೆಯಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿಬಿಡಿ. ನಮಸ್ಕಾರ.