ನಾಳೆ ಆಗಲೇ ಇದ್ದರೆ ಏನೀಗ?

ನಮಸ್ಕಾರ, ನಮಸ್ಕಾರ. ಇವತ್ತು ಕಪ್ಪುಕುಳಿಗಳ ಬಗ್ಗೆ ಮಾತಾಡಬೇಕಿತ್ತು. 11 ಪುಟ ಬರೆದಿಟ್ಟಿದ್ದೆ. ಅದನ್ನು ಪಕ್ಕಕ್ಕೆ ಇಟ್ಟಿದ್ದೇನೆ. ಕಾರಣ, ಒಂದು ಕಾಮೆಂಟ್.

ಹೋದ ವಿಡಿಯೋದಲ್ಲಿ, ಉದ್ದ ಅಗಲ ಎತ್ತರದ ಜೊತೆಗೆ ಕಾಲ ಅನ್ನುವುದು ನಾಲ್ಕನೇ ಆಯಾಮ ಅಂತ ಹೇಳಿದ್ದೆ, ಅಲ್ವಾ? ಅದಕ್ಕೆ ಒಬ್ಬ ಮಹಾಶಯರು ಬರೆದಿದ್ದಾರೆ: "ಗುರು, ಹಾಗಾದರೆ ನಾಳೆ ಆಗಲೇ ಆಗಿಹೋಗಿದೆ. ಎಲ್ಲ ಹಣೆಬರಹ. ಪ್ರಯತ್ನಪಡುವವರು ಮೂರ್ಖರು. ಇದನ್ನು ವಿಜ್ಞಾನವೇ ಹೇಳಿದೆ." ಕೊನೆಗೆ ಮೂರು ಕೈಮುಗಿಯುವ ಇಮೋಜಿ.

ಯಾವಾಗ ಹೇಳಿತು ಸ್ವಾಮಿ? ನನಗಂತೂ ಹೇಳಿಲ್ಲ.

ಸರಿ, ಕೊಡಬೇಕಾದ ಮರ್ಯಾದೆ ಕೊಟ್ಟುಬಿಡೋಣ. ಅರ್ಧ ಮಾತು ನಿಜ. 1905ರಲ್ಲಿ ಐನ್‌ಸ್ಟೈನ್ ಎಲ್ಲರಿಗೂ ಒಂದೇ 'ಈಗ' ಅನ್ನುವುದು ಇಲ್ಲ ಅಂತ ತೋರಿಸಿದರು. 1908ರಲ್ಲಿ ಅವರಿಗೇ ಗಣಿತ ಕಲಿಸಿದ್ದ ಮಿಂಕೋವ್‌ಸ್ಕಿ, ಜಾಗ ಬೇರೆ ಕಾಲ ಬೇರೆ ಅನ್ನುವ ಲೆಕ್ಕ ಸಾಕು, ಎರಡೂ ಸೇರಿ ಒಂದೇ ಅಂದರು. ಪಾಪ, ಅದನ್ನು ಹೇಳಿ ನಾಲ್ಕು ತಿಂಗಳಿಗೆ ತೀರಿಕೊಂಡರು.

ಇದು ಎಷ್ಟು ವಿಚಿತ್ರ ಅಂತ ಕೇಳಿ. ಆಂಡ್ರೊಮಿಡಾ ಗ್ಯಾಲಕ್ಸಿ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ಒಬ್ಬ ರಸ್ತೆಯಲ್ಲಿ ಸುಮ್ನೆ ನಿಂತಿದ್ದಾನೆ. ಇನ್ನೊಬ್ಬ ಅವನ ಪಕ್ಕದಲ್ಲೇ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಆಂಡ್ರೊಮಿಡಾ ಕಡೆಗೆ ನಡೆದುಹೋಗುತ್ತಿದ್ದಾನೆ. 'ಅಲ್ಲಿ ಈಗ ಏನಾಗುತ್ತಿದೆ' ಅಂತ ಲೆಕ್ಕ ಹಾಕಿದರೆ ಇಬ್ಬರ ಉತ್ತರಕ್ಕೂ ಸುಮಾರು 4 ದಿನ ವ್ಯತ್ಯಾಸ! ಬರೀ ನಡೆದದ್ದಕ್ಕೆ! ಒಬ್ಬನಿಗೆ ಇನ್ನೂ ಆಗದೇ ಇರುವುದು ಇನ್ನೊಬ್ಬನ ಲೆಕ್ಕದಲ್ಲಿ ಆಗಿಹೋಗಿದೆ. ಹಾಗಾಗಿ ನಿನ್ನೆ, ಇವತ್ತು, ನಾಳೆ ಎಲ್ಲವೂ ಒಟ್ಟಿಗೇ 'ಇವೆ' ಅನ್ನುವವರು ಇದ್ದಾರೆ. ಬ್ಲಾಕ್ ಯೂನಿವರ್ಸ್ ಅಂತಾರೆ. ಒಪ್ಪದವರೂ ಇದ್ದಾರೆ. ನಾನು ಒಪ್ಪುತ್ತೇನೆ. ಇದ್ದುಕೊಳ್ಳಲಿ ನಾಳೆ.

ಈಗ ನನ್ನ ಒಂದೇ ಪ್ರಶ್ನೆ. ನಿನ್ನೆಯನ್ನು ಬದಲಾಯಿಸಲು ಆಗುತ್ತದಾ? ಆಗಲ್ಲ. ಹಾಗಂತ ನಿನ್ನೆ ನೀವು ಏನನ್ನೂ ಆಯ್ಕೆ ಮಾಡಲಿಲ್ವಾ? ಮಾಡಿದಿರಿ. ನಿನ್ನೆ ಇರುವುದೇ ನಿಮ್ಮ ಆಯ್ಕೆಯಿಂದ. ನಾಳೆಯೂ ಹಾಗೇ ಗಟ್ಟಿಯಾಗಿ ಇದ್ದರೆ, ಅದರೊಳಗೆ ನಿಮ್ಮ ನಾಳೆಯ ಆಯ್ಕೆಯೂ ಗಟ್ಟಿಯಾಗಿ ಕೂತಿದೆ. ಇರುವುದು ಬೇರೆ, ಕಟ್ಟಿಹಾಕುವುದು ಬೇರೆ. ಇಷ್ಟೇ ಇವತ್ತಿನ ವಿಡಿಯೋ. ಬೇಕಾದರೆ ಇಲ್ಲೇ ನಿಲ್ಲಿಸಬಹುದು. ನಿಲ್ಲಿಸಬೇಡಿ, ನೋಡುವ ಸಮಯ ಕಡಿಮೆ ಆದರೆ ನನಗೇ ನಷ್ಟ.

ಈ ವಿಡಿಯೋವನ್ನೇ ತಗೊಳ್ಳಿ. ಕೆಳಗಿನ ಗೆರೆ ಎಳೆದರೆ ಕೊನೆಯ ನಿಮಿಷ ಆಗಲೇ ಅಲ್ಲಿದೆ. ನಾನು ಕೊನೆಗೆ ಏನು ಹೇಳುತ್ತೇನೆ ಅಂತ ನೀವು ಈಗಲೇ ನೋಡಬಹುದು. ಹಾಗಂತ ನಿಮ್ಮ ಬೆರಳು ನನ್ನ ಬಾಯಿಂದ ಮಾತು ಎಳೆಯಿತಾ? ಮಾತಾಡಿದ್ದು ನಾನು. ತಪ್ಪಿದ್ದರೂ ನಾನೇ.

ಇದು ನಾನು ಕಂಡುಹಿಡಿದದ್ದೂ ಅಲ್ಲ. ಆರನೇ ಶತಮಾನದಲ್ಲಿ ಬೊಯೆಥಿಯಸ್ ಅಂತ ಒಬ್ಬ ರೋಮನ್ ಇದ್ದ. ಜೈಲಿನಲ್ಲಿ ಕೂತು ಮರಣದಂಡನೆಗೆ ಕಾಯುತ್ತಾ ಇದನ್ನೇ ಯೋಚಿಸಿದ. ದೇವರು ಕಾಲದ ಆಚೆ ನಿಂತು ಎಲ್ಲವನ್ನೂ ಒಂದೇ ನೋಟಕ್ಕೆ ನೋಡುತ್ತಾನೆ. ಆದರೆ ಒಬ್ಬ ನಡೆಯುವುದನ್ನು ನೀವು ನೋಡಿದರೆ, ನಿಮ್ಮ ನೋಟ ಅವನನ್ನು ನಡೆಸುತ್ತದಾ? ಸಾಯಲು ಕಾಯುತ್ತಿದ್ದವನಿಗೆ ಹೊಳೆದದ್ದು, ಸೋಫಾದಲ್ಲಿ ಒರಗಿರುವ ನಮಗೆ ಹೊಳೆಯಲ್ಲ!

"ಇಲ್ಲ ಗುರು, ಐದನೇ ಆಯಾಮದಿಂದ ನೋಡಿದರೆ ಎಲ್ಲ ಬರೆದಿಟ್ಟಿದೆ" ಅನ್ನುವವರು ಬೇರೆ ಇದ್ದಾರೆ. ಅಯ್ಯೋ. 1921ರಲ್ಲಿ ಕಲುಜಾ ಅನ್ನುವ ಜರ್ಮನ್ ಗಣಿತಜ್ಞ ಐನ್‌ಸ್ಟೈನ್ ಸಮೀಕರಣಕ್ಕೆ ಐದನೇ ಆಯಾಮ ಸೇರಿಸಿದ್ದು ಗುರುತ್ವವನ್ನೂ ವಿದ್ಯುತ್ಕಾಂತ ಬಲವನ್ನೂ ಒಂದುಗೂಡಿಸಲು. 1926ರಲ್ಲಿ ಕ್ಲೈನ್ ಅನ್ನುವ ಭೌತವಿಜ್ಞಾನಿ, ಅದು ಪರಮಾಣುವಿಗಿಂತಲೂ ಎಷ್ಟೋ ಪಾಲು ಚಿಕ್ಕದಾಗಿ ಸುರುಳಿ ಸುತ್ತಿಕೊಂಡಿರಬಹುದು ಅಂದರು. ಅಷ್ಟು ಇಕ್ಕಟ್ಟಿನಲ್ಲಿ ಕೂತು ನಿಮ್ಮ ಹಣೆಬರಹ ಯಾರು ಬರೆಯುತ್ತಾರೆ? ಪೆನ್ನು ಹಿಡಿಯುವುದಕ್ಕೂ ಜಾಗ ಇಲ್ಲ.

ಸಬ್‌ಸ್ಕ್ರೈಬ್ ಮಾಡಿಲ್ಲ ಅಂದರೆ ಮಾಡಿಬಿಡಿ. ಮಾಡುವುದು ವಿಧಿಯಲ್ಲಿ ಇದ್ದರೆ ತಾನೇ ಆಗುತ್ತದೆ ಅಂತ ಕಾಯಬೇಡಿ. ನಾನೂ ಹಾಗೇ ಅಂದುಕೊಂಡು ಎರಡು ವರ್ಷ ಕೇಳಲಿಲ್ಲ. ಆಗಲಿಲ್ಲ.

ಇನ್ನು, ನಿರ್ಧಾರ ನಮ್ಮದಲ್ಲ, ಮೆದುಳಿನದು ಅಂತ ಲಿಬೆಟ್ ಅನ್ನುವ ವಿಜ್ಞಾನಿಯ ಪ್ರಯೋಗ ತೋರಿಸುವವರು. 1983ರದ್ದು. ಕೈ ಆಡಿಸಬೇಕು ಅಂತ ಜನಕ್ಕೆ ಅನ್ನಿಸುವುದಕ್ಕೆ ಸುಮಾರು 350 ಮಿಲಿಸೆಕೆಂಡ್ ಮೊದಲೇ ಮೆದುಳಿನಲ್ಲಿ ಚಟುವಟಿಕೆ ಶುರುವಾಗಿತ್ತು. ಸರಿ. ಆ ಮೆದುಳು ಯಾರದು? ಪಕ್ಕದ ಮನೆಯವರದಾ? ಮುಂದೆ ಹೋಗೋಣ.

ಕ್ವಾಂಟಮ್ ಅನಿಶ್ಚಿತತೆಯಿಂದ, ಅಂದರೆ ಅತಿ ಸಣ್ಣ ಕಣಗಳ ಲೋಕದಲ್ಲಿ ಮುಂದೇನು ಅಂತ ಖಚಿತವಾಗಿ ಹೇಳಲಾಗದೇ ಇರುವುದರಿಂದ, ಸ್ವಾತಂತ್ರ್ಯ ಬರುತ್ತದೆ ಅಂತ ನನ್ನ ಪರ ಬಂದು ವಾದಿಸುವವರಿಗೂ ನಮಸ್ಕಾರ, ನೀವೂ ಬೇಡ. ತಲೆಯೊಳಗೆ ಯಾರೋ ದಾಳ ಉರುಳಿಸಿದರೆ ಅದು ನನ್ನ ನಿರ್ಧಾರ ಹೇಗಾಗುತ್ತದೆ? ನಾನು ಹೇಳುತ್ತಿರುವುದು ಒಂದೇ. ನಿನ್ನೆ ಬದಲಾಗಲ್ಲ! ಆದರೂ ಅದನ್ನು ಮಾಡಿದ್ದು ನೀವೇ! ನಾಳೆಗೆ ಮಾತ್ರ ಯಾಕೆ ಬೇರೆ ಕಾನೂನು?

"ಆದರೆ ಬೇರೆ ಥರ ಮಾಡಲು ಸಾಧ್ಯವಿತ್ತಾ" ಅಂತ ಕೇಳುತ್ತೀರಿ, ಗೊತ್ತು. ಒಳ್ಳೆಯ ಪ್ರಶ್ನೆ. ಉತ್ತರ ನನ್ನ ಸದಸ್ಯರಿಗೆ ಮಾತ್ರ ಇರುವ ವಿಡಿಯೋದಲ್ಲಿದೆ. ನಗಬೇಡಿ, ನಿಜವಾಗಿಯೂ ಇದೆ. ಅರ್ಧ ಇದೆ.

ಜೀನೋ ಅಂತ ಗ್ರೀಕ್ ತತ್ವಜ್ಞಾನಿ. ಎಲ್ಲವೂ ವಿಧಿ ಅನ್ನುವ ಪಂಥದವನೇ. ಅವನ ಗುಲಾಮ ಕದ್ದು ಸಿಕ್ಕಿಬಿದ್ದ, ಏಟು ಬೀಳತೊಡಗಿತು. "ಕದಿಯುವುದು ನನ್ನ ಹಣೆಯಲ್ಲಿ ಬರೆದಿತ್ತು" ಅಂದ. "ಏಟು ತಿನ್ನುವುದೂ ಬರೆದಿತ್ತು" ಅಂದ ಜೀನೋ. ಏಟು ಹೊಡೆದದ್ದು ಸರಿ ಅಂತ ನಾನು ಹೇಳುತ್ತಿಲ್ಲ, ಅದಕ್ಕೆ ಬೇರೆ ಕಾಮೆಂಟ್ ಬೇಡ. ಆದರೆ ವಿಧಿಯನ್ನು ನಂಬುವವನೇ ಆ ನೆಪ ಒಪ್ಪಲಿಲ್ಲ ನೋಡಿ! 'ಹಣೆಬರಹಕ್ಕೆ ಹೊಣೆ ಯಾರು' ಅಂತ ಕೇಳುತ್ತಾರಲ್ಲ. ನೀವೇ ರೀ! ಇನ್ಯಾರು?

ಎಷ್ಟು ಸಲ ಹೇಳಬೇಕು? ಇರುವುದು ಬೇರೆ! ಕಟ್ಟಿಹಾಕುವುದು ಬೇರೆ! ಎಡಿಟರ್ ಆ ಕಡೆಯಿಂದ ಕೈಸನ್ನೆ ಮಾಡುತ್ತಿದ್ದಾನೆ, ಇದನ್ನು ಆಗಲೇ ಹೇಳಿದಿರಿ ಅಂತ. ಗೊತ್ತಪ್ಪಾ. ಇನ್ನೊಂದು ಸಲ ಹೇಳಿದೆ.

ಹಾಂ, ಒಂದು ಮರೆತೆ. ಅದೇ ಮಹಾಶಯರು ಮಾರನೇ ದಿನ ಇನ್ನೊಂದು ಕಾಮೆಂಟ್ ಹಾಕಿದ್ದಾರೆ. "ಗುರು, ಕಪ್ಪುಕುಳಿ ವಿಡಿಯೋ ಬೇಗ ಹಾಕಿ, ಯಾಕೆ ಇಷ್ಟು ಸೋಮಾರಿತನ?"

ಬೇಗ ಹಾಕಬೇಕಂತೆ! ಸೋಮಾರಿತನವಂತೆ!

ಮುಂದಿನ ವಾರ ಹಾಕುತ್ತೇನೆ. ಅಥವಾ ಅದರ ಮುಂದಿನ ವಾರ. ನೋಡೋಣ, ಇನ್ನೂ ನಿರ್ಧಾರ ಮಾಡಿಲ್ಲ.